ರೂಪಾಯಿಯ ಅರ್ಧಾಯು

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದರು ನಮ್ಮ ಹಿರಿಯರು. ಆ ಕಾಲದ ಕುಡಿಕೆಯಲ್ಲಿ ಇದ್ದದ್ದು ಹೊನ್ನು. ಕೈ ಹಾಕಿ ತೆಗೆದರೆ ಮಾತ್ರ ಅದು ಕಡಿಮೆಯಾಗುತ್ತಿತ್ತು. ಈಗಿನ ಕುಡಿಕೆಯಲ್ಲಿರುವುದು ರೂಪಾಯಿ. ಯಾರೂ ಮುಟ್ಟದಿದ್ದರೂ ಅದು ಒಳಗೊಳಗೇ ಕರಗುತ್ತಿರುತ್ತದೆ. ನಿವೃತ್ತರ ಸಂಕಟದ ಮೂಲ ಇಲ್ಲಿದೆ.

ವಿಕಿರಣಶೀಲತೆಯ ಪಾಠದಲ್ಲಿ ಅರ್ಧಾಯು ಎಂಬ ಮಾತು ಬರುತ್ತದೆ. ಒಂದು ವಸ್ತು ಕ್ಷಯಿಸಿ ಅರ್ಧಕ್ಕಿಳಿಯಲು ಬೇಕಾದ ಕಾಲ ಅದು. ಕತ್ತಲಲ್ಲಿ ಹೊಳೆಯುವ ಕೆಲವು ಕೈಗಡಿಯಾರಗಳಲ್ಲಿ ಟ್ರಿಟಿಯಂ ಇರುತ್ತದೆ. ಹೈಡ್ರೋಜನ್ನಿನ ಭಾರದ ರೂಪವಾದ ಇದರ ಅರ್ಧಾಯು 12.3 ವರ್ಷ. ಹನ್ನೆರಡು ವರ್ಷಕ್ಕೆ ಅದು ಅರ್ಧ, ಇಪ್ಪತ್ತನಾಲ್ಕು ವರ್ಷಕ್ಕೆ ಕಾಲು. ಗಡಿಯಾರವನ್ನು ಕೈಗೆ ಕಟ್ಟಿದರೂ ಅಷ್ಟೇ, ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟರೂ ಅಷ್ಟೇ.

ರೂಪಾಯಿಗೂ ಅರ್ಧಾಯು ಉಂಟು. ಅದನ್ನು ಕಂಡುಹಿಡಿಯಲು ದೊಡ್ಡ ಗಣಿತ ಬೇಡ. 72ನ್ನು ಬೆಲೆಯೇರಿಕೆಯ ದರದಿಂದ ಭಾಗಿಸಿದರೆ ಸಾಕು. ಬೆಲೆಗಳು ವರ್ಷಕ್ಕೆ ಶೇಕಡ 6ರಂತೆ ಏರಿದರೆ 12 ವರ್ಷಕ್ಕೆ ದುಪ್ಪಟ್ಟಾಗುತ್ತವೆ. ಅಂದರೆ ರೂಪಾಯಿಯ ಶಕ್ತಿ ಅರ್ಧವಾಗುತ್ತದೆ, ಹೆಚ್ಚುಕಡಿಮೆ ಟ್ರಿಟಿಯಂನ ವೇಗದಲ್ಲೇ. ರಿಸರ್ವ್ ಬ್ಯಾಂಕಿಗೆ 2016ರಲ್ಲಿ ಗೊತ್ತುಮಾಡಿದ ಗುರಿ ಶೇಕಡ 4. ಮೇಲಿನ ಮಿತಿ 6. ಎಲ್ಲವೂ ಗುರಿಯಂತೆ ನಡೆದರೂ ರೂಪಾಯಿಯ ಅರ್ಧಾಯು 18 ವರ್ಷ. ನಮ್ಮ ದೇಶದಲ್ಲಿ ಅರವತ್ತು ತಲುಪಿದವರು ಸರಾಸರಿ ಇನ್ನೂ ಬದುಕುವುದು ಸುಮಾರು ಅಷ್ಟೇ ಕಾಲ. ಎಷ್ಟೋ ಮಂದಿ ಅದಕ್ಕಿಂತ ಹೆಚ್ಚು ಬದುಕುತ್ತಾರೆ. ಔಷಧಿಯ ಚೀಟಿ ಉದ್ದವಾಗುವುದೂ ಆಗಲೇ.

ಸರ್ಕಾರದ ಹಳೆಯ ಪಿಂಚಣಿಗೆ ತುಟ್ಟಿಭತ್ಯೆಯ ರಕ್ಷೆ ಇದೆ. ಬೆಲೆ ಏರಿದಂತೆ ಅದೂ ಏರುತ್ತದೆ. ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ನೌಕರಿಗೆ ಸೇರಿದವರನ್ನು ಈ ರಕ್ಷೆಯಿಲ್ಲದ ಹೊಸ ಯೋಜನೆಗೆ ಸೇರಿಸಲಾಯಿತು. ಖಾಸಗಿಯವರ ಪಾಡು ಇನ್ನೂ ಕಷ್ಟ. ಅನುದಾನವಿಲ್ಲದ ಶಾಲೆಗಳಲ್ಲಿ ಪಾಠ ಹೇಳುತ್ತ ಬಂದ ನನ್ನ ಓರಗೆಯವರು ಈಗ ನಿವೃತ್ತಿಯ ಹೊಸ್ತಿಲಲ್ಲಿದ್ದಾರೆ. ಅವರಲ್ಲಿ ಭವಿಷ್ಯ ನಿಧಿ ಇರುವವರಿಗೆ ಸಿಗುವುದು 1995ರ ನೌಕರರ ಪಿಂಚಣಿ ಯೋಜನೆಯ ಹಣ. ಸೂತ್ರ ಸರಳ: ಲೆಕ್ಕಕ್ಕೆ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 2014ರಲ್ಲಿ ಗೊತ್ತುಮಾಡಿದ 15,000 ರೂಪಾಯಿಯ ಮಿತಿಯಲ್ಲಿ ಮೂವತ್ತು ವರ್ಷ ಲೆಕ್ಕಕ್ಕೆ ಬಂದರೂ ತಿಂಗಳಿಗೆ ಸಿಗುವುದು 6,428 ರೂಪಾಯಿ. ಅದಕ್ಕೆ ಹಿಂದಿನ ಸೇವೆಗೆ ಮಿತಿ 6,500 ಆಗಿದ್ದರಿಂದ ಹಲವರಿಗೆ ಇಷ್ಟೂ ಬಾರದು. ಇದಕ್ಕೆ ತುಟ್ಟಿಭತ್ಯೆಯಿಲ್ಲ. ಬೆಲೆ ಶೇಕಡ 6ರಂತೆ ಏರಿದರೆ, 58ರಲ್ಲಿ 6,428 ಆದದ್ದು 70ರಲ್ಲಿ ಕೊಳ್ಳುವುದು 3,214ರ ಸಾಮಾನು, 82ರಲ್ಲಿ 1,607ರದು. ಪಾಸ್‌ಬುಕ್ಕಿನ ಅಂಕಿ ಮಾತ್ರ ಕದಲುವುದಿಲ್ಲ.

ಬ್ಯಾಂಕಿನ ಠೇವಣಿಯೂ ಇಂಥದೇ ಆಟ ಆಡುತ್ತದೆ. ಹತ್ತು ಲಕ್ಷ ಇಟ್ಟಿದ್ದೀರಿ, ಬಡ್ಡಿ ಶೇಕಡ 7 ಎನ್ನೋಣ. ವರ್ಷಕ್ಕೆ 70,000 ಬಂತು. ಬೆಲೆಯೇರಿಕೆ ಶೇಕಡ 6 ಇದ್ದರೆ ಅದರಲ್ಲಿ 60,000 ಬಡ್ಡಿಯೇ ಅಲ್ಲ. ಅಸಲಿಗೆ ತಗಲಿದ ಸವಕಳಿಯ ಭರ್ತಿ. ಅಸಲಿನ ಶಕ್ತಿ ಉಳಿಯಬೇಕಾದರೆ ಖರ್ಚು ಮಾಡಬಹುದಾದದ್ದು 10,000 ಮಾತ್ರ, ತಿಂಗಳಿಗೆ 833 ರೂಪಾಯಿ. ಬಡ್ಡಿಯನ್ನಷ್ಟೇ ತಿನ್ನುತ್ತಿದ್ದೇನೆ, ಅಸಲು ಮುಟ್ಟಿಲ್ಲ ಎಂದು ಸಮಾಧಾನಪಡುವ ಹಿರಿಯರು ಈ ಲೆಕ್ಕವನ್ನೊಮ್ಮೆ ಮಾಡಿ ನೋಡಬೇಕು. ಬಡ್ಡಿಯಲ್ಲಿ ಸ್ವಲ್ಪವನ್ನಾದರೂ ಮತ್ತೆ ಅಸಲಿಗೆ ಸೇರಿಸುವುದು ಜಿಪುಣತನವಲ್ಲ.

ಹಾಗಾದರೆ ದಾರಿ? ಅದೇ 72ರ ಲೆಕ್ಕ ಚಿಕ್ಕವರ ಪರವಾಗಿಯೂ ದುಡಿಯುತ್ತದೆ. ಶೇಕಡ 8ರ ಬೆಳವಣಿಗೆಯಲ್ಲಿ ಹಣ ಒಂಬತ್ತು ವರ್ಷಕ್ಕೆ ದುಪ್ಪಟ್ಟು. 24ರಲ್ಲಿ ಇಟ್ಟ ಸಾವಿರ 60ಕ್ಕೆ ನಾಲ್ಕು ಸಲ ಇಮ್ಮಡಿಸಿ 16 ಸಾವಿರವಾದರೆ, 42ರಲ್ಲಿ ಇಟ್ಟದ್ದು ಬರೀ ನಾಲ್ಕು ಸಾವಿರ. ಮಗನಿಗೆ ಮೊದಲ ಸಂಬಳ ಬಂದ ದಿನ ಹೇಳಬೇಕಾದ ಪಾಠ ಇದು.

ವಯಸ್ಸು ಮೀರಿದವರಿಗೆ ಎರಡು ಮಾತು. 2009ರ ತಿದ್ದುಪಡಿ ಖಾಸಗಿ ಶಾಲೆಯ ಶಿಕ್ಷಕರಿಗೂ 1997ರ ಏಪ್ರಿಲ್ 3ರಿಂದಲೇ ಗ್ರಾಚ್ಯುಟಿಯ ಹಕ್ಕು ಕೊಟ್ಟಿತು. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಪ್ರತಿ ವರ್ಷದ ಸೇವೆಗೆ ಹದಿನೈದು ದಿನದ ಸಂಬಳ, ತಿಂಗಳಿಗೆ 26 ದಿನದ ಲೆಕ್ಕದಲ್ಲಿ. ಕೊನೆಯ ಸಂಬಳ 20,000, ಸೇವೆ 28 ವರ್ಷ ಎಂದಾದರೆ ಮೂರು ಲಕ್ಷ ಇಪ್ಪತ್ತಮೂರು ಸಾವಿರ ಆಯಿತು. ಹಾರ ಶಾಲಿನ ಜೊತೆಗೆ ಇದನ್ನೂ ಕೇಳಿ ಪಡೆಯಿರಿ, ಸಂಕೋಚ ಬೇಡ.

ಎರಡನೆಯದು ಮನೆ. ಹಣ ಕರಗಿದಾಗ ಉಳಿಯುವ ಆಸರೆ ಅದು. ಮಕ್ಕಳಿಗೆ ದಾನಪತ್ರ ಬರೆಯಲೇಬೇಕಾದರೆ ಕೊನೆಯವರೆಗೆ ನೋಡಿಕೊಳ್ಳಬೇಕೆಂಬ ಷರತ್ತು ಪತ್ರದಲ್ಲೇ ಇರಲಿ. ಷರತ್ತು ಮುರಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಆ ಪತ್ರವನ್ನು ರದ್ದುಪಡಿಸಿಕೊಳ್ಳಬಹುದು. ಮಕ್ಕಳ ಮೇಲೆ ನಂಬಿಕೆ ಇರುವಾಗಲೇ ಇಂಥ ಸಾಲು ಬರೆಯುವುದು ಸುಲಭ.

ಇಷ್ಟೆಲ್ಲ ಮಾಡಿದರೂ ಕೂಲಿಯವರಿಗೆ, ಮನೆಗೆಲಸದವರಿಗೆ, ಕಡಿಮೆ ಸಂಬಳದ ಮೇಷ್ಟರಿಗೆ ಉಳಿತಾಯವೊಂದೇ ಸಾಲದು. ತಿಂಗಳ ಕೊನೆಗೆ ಉಳಿಯದ್ದನ್ನು ಕೂಡಿಡುವುದು ಹೇಗೆ? 2014ರಲ್ಲಿ ಕನಿಷ್ಠ ಪಿಂಚಣಿ ಸಾವಿರ ರೂಪಾಯಿ ಎಂದು ನಿಗದಿಯಾಯಿತು. ಅಂದಿನ ಸಾವಿರ ಇಂದಿನ ಸಾವಿರವಲ್ಲ. ಯಾವುದೇ ಪಿಂಚಣಿ ಘೋಷಣೆಯಾದಾಗ ಎಷ್ಟು ಎಂದು ಕೇಳಿ ಸುಮ್ಮನಾಗುತ್ತೇವೆ. ಬೆಲೆಯ ಜೊತೆಗೆ ಅದು ಬೆಳೆಯುತ್ತದೆಯೇ ಎಂದೂ ಕೇಳಬೇಕು. ಬೆಳೆಯದ ಪಿಂಚಣಿ ಮುದುಕರ ಕೈಯಲ್ಲಿ ಟ್ರಿಟಿಯಂ ಇದ್ದ ಹಾಗೆ. ಕತ್ತಲು ಹೆಚ್ಚಾದಂತೆ ಅದರ ಬೆಳಕು ಕಡಿಮೆಯಾಗುತ್ತ ಹೋಗುತ್ತದೆ.