ಹಳೆಯ ಹೆಸರು, ಹೊಸ ಆವೃತ್ತಿ

ಗುಲಬರ್ಗಾ 2014ರ ನವೆಂಬರ್ 1ರಂದು ಕಲಬುರಗಿಯಾಯಿತು. ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಆದರೂ ಕೊಹಿನೂರಿನ ಹಿರಿಯರೊಬ್ಬರು ಬಸ್ಸಿನಲ್ಲಿ ಕುಳಿತು ‘ಗುಲಬರ್ಗಾಕ್ಕ ಒಂದ್ ಟಿಕೇಟ್ ಕೊಡ್ರಿ’ ಎಂದರೆ ಕಂಡಕ್ಟರ್ ಮರುಮಾತಿಲ್ಲದೆ ಕೊಡುತ್ತಾನೆ. ಎರಡು ಹೆಸರೂ ಒಂದೇ ಊರಿನವು ಎಂಬುದು ಅವನಿಗೆ ಗೊತ್ತು. ಗಣಕಯಂತ್ರಕ್ಕೆ ಅಷ್ಟು ಲೋಕಜ್ಞಾನವಿಲ್ಲ. ಹೆಸರಿನಲ್ಲಿ ಒಂದಕ್ಷರ ಬದಲಾದರೂ ‘ಇಂಥದ್ದು ಇಲ್ಲವೇ ಇಲ್ಲ’ ಎಂದು ಅದು ಕೈ ಚೆಲ್ಲಿಬಿಡುತ್ತದೆ.

ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರನ್ನು ಇಂದು ಕಾಡುತ್ತಿರುವ ‘ಇಂಪೋರ್ಟ್ ಎರರ್’ ಎಂಬ ದೋಷದ ಮೂಲ ಬಹುಪಾಲು ಇಲ್ಲಿಯೇ ಇದೆ. ಪೈಥಾನ್ ಭಾಷೆಯಲ್ಲಿ ಎಲ್ಲವನ್ನೂ ಮೊದಲಿನಿಂದ ಬರೆಯಬೇಕಾಗಿಲ್ಲ. ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಂಗಳ ಕಟ್ಟನ್ನು, ಅಂದರೆ ಲೈಬ್ರರಿಯನ್ನು, ‘ಇಂಪೋರ್ಟ್’ ಎಂಬ ಒಂದು ಸಾಲಿನಿಂದ ಕರೆಸಿಕೊಳ್ಳಬಹುದು. ಲೈಬ್ರರಿಯ ಹೊಸ ಆವೃತ್ತಿಯನ್ನು ಹಾಕಿಕೊಂಡ ಮರುದಿನ, ನಿನ್ನೆಯವರೆಗೆ ಓಡುತ್ತಿದ್ದ ಪ್ರೋಗ್ರಾಂ ಮೊದಲ ಸಾಲಿನಲ್ಲಿಯೇ ನಿಂತುಬಿಡುತ್ತದೆ. ‘ಈ ವಿದ್ಯೆ ನನಗೆ ಒಗ್ಗುವುದಿಲ್ಲ’ ಎಂದು ವಿದ್ಯಾರ್ಥಿ ಕುಗ್ಗುತ್ತಾನೆ. ಲ್ಯಾಪ್‌ಟಾಪ್ ಕೆಟ್ಟಿತೆಂದು ತಂದೆ ದುಡ್ಡು ಹೊಂದಿಸಲು ಹೊರಡುತ್ತಾರೆ. ಸಾಮಾನ್ಯವಾಗಿ ಇವೆರಡೂ ನಿಜವಲ್ಲ.

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ನೋಡಬಹುದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2015ರ ಪಠ್ಯಕ್ರಮದಲ್ಲಿ, ಏಳನೆಯ ಸೆಮಿಸ್ಟರಿನ ಯಂತ್ರ ಕಲಿಕೆಯ ಪ್ರಯೋಗಾಲಯಕ್ಕೆ, ಹೃದ್ರೋಗಿಗಳ ದತ್ತಾಂಶದಿಂದ ರೋಗ ನಿರ್ಣಯಿಸುವ ಪ್ರಯೋಗವೊಂದಿತ್ತು. ಅದಕ್ಕೆ ‘ಪಿಜಿಎಂಪೈ’ ಎಂಬ ಲೈಬ್ರರಿಯನ್ನು ಬಳಸಿದ ಪ್ರೋಗ್ರಾಂಗಳು ವಿದ್ಯಾರ್ಥಿಗಳ ಕೈಯಿಂದ ಕೈಗೆ ಹರಿದಾಡಿದವು. ಅಂಕುರ್ ಅಂಕನ್ ಮತ್ತು ಅಬಿನಾಶ್ ಪಂಡಾ 2015ರಲ್ಲಿ ಪ್ರಬಂಧ ಬರೆದು ಜಗತ್ತಿಗೆ ಪರಿಚಯಿಸಿದ ಲೈಬ್ರರಿ ಅದು. ಆ ಪ್ರೋಗ್ರಾಂಗಳಲ್ಲಿ ಕರೆಸಿಕೊಳ್ಳುತ್ತಿದ್ದುದು ‘ಬೇಯ್ಸಿಯನ್‌ಮಾಡೆಲ್’ ಎಂಬ ಹೆಸರನ್ನು. ಮುಂದೆ ಅದು ‘ಬೇಯ್ಸಿಯನ್‌ನೆಟ್‌ವರ್ಕ್’ ಆಯಿತು. ಆಮೇಲೆ ‘ಡಿಸ್ಕ್ರೀಟ್‌ಬೇಯ್ಸಿಯನ್‌ನೆಟ್‌ವರ್ಕ್’ ಆಯಿತು. ಹಿರಿಯರ ಹಳೆಯ ರೆಕಾರ್ಡ್ ಪುಸ್ತಕದಿಂದ ಅಕ್ಷರ ಬಿಡದೆ ನಕಲಿಸಿದ ಪ್ರೋಗ್ರಾಂ ಇಂದಿನ ಆವೃತ್ತಿಯಲ್ಲಿ ಓಡದಿರಲು ಕಾರಣ ಇಷ್ಟೇ. ಅದರೊಳಗಿನ ಗಣಿತ ಬದಲಾಗಿಲ್ಲ, ಕರೆಯುವ ಹೆಸರು ಬದಲಾಗಿದೆ.

ಇಂಥ ದೋಷ ಬಂದಾಗ ಪರದೆಯ ತುಂಬ ಕೆಂಪಕ್ಷರ ಕಂಡು ಗಾಬರಿಯಾಗುವುದು ಸಹಜ. ಆದರೆ ಮೊದಲು ಓದಬೇಕಾದದ್ದು ಕಟ್ಟಕಡೆಯ ಸಾಲನ್ನು. ವೈದ್ಯರಿಗೆ ನಾಡಿ ಇದ್ದಂತೆ ಇಲ್ಲಿ ಆ ಸಾಲು.

‘ನೋ ಮಾಡ್ಯೂಲ್ ನೇಮ್ಡ್’ ಎಂದು ಅಲ್ಲಿದ್ದರೆ ಆ ಲೈಬ್ರರಿಯೋ ಅದರ ಒಂದು ಭಾಗವೋ ಸಿಕ್ಕಿಲ್ಲ ಎಂದರ್ಥ. ಒಂದೇ ಗಣಕದಲ್ಲಿ ಎರಡು ಪೈಥಾನ್‌ಗಳಿದ್ದು, ಲೈಬ್ರರಿ ಒಂದರಲ್ಲಿ, ಪ್ರೋಗ್ರಾಂ ಇನ್ನೊಂದರಲ್ಲಿ ಇರುವುದು ಇದಕ್ಕೆ ಸಾಮಾನ್ಯ ಕಾರಣ. ‘ಕೆನಾಟ್ ಇಂಪೋರ್ಟ್ ನೇಮ್’ ಎಂದಿದ್ದರೆ ಲೈಬ್ರರಿ ಇದೆ, ಆದರೆ ಕೇಳಿದ ಹೆಸರು ಅದರೊಳಗಿಲ್ಲ. ಹೆಸರು ಬದಲಾಗಿರಬಹುದು, ಬೇರೆ ಕಡೆ ಹೋಗಿರಬಹುದು, ಇಲ್ಲವೇ ತೆಗೆದೇ ಹಾಕಿರಬಹುದು. ವಿದ್ಯಾರ್ಥಿ ತನ್ನದೇ ಕಡತಕ್ಕೆ ಲೈಬ್ರರಿಯ ಹೆಸರನ್ನೇ ಇಟ್ಟಿದ್ದರೂ ಇದೇ ಗೊಂದಲ ಉಂಟಾಗುತ್ತದೆ. ಮೂರನೆಯದು ಜೋಡಿ ತಪ್ಪಿದ ದೋಷ. 2024ರ ಜೂನ್‌ನಲ್ಲಿ ನಂಪೈ ಲೈಬ್ರರಿಯ 2.0 ಆವೃತ್ತಿ ಬಂದಾಗ, ಹಿಂದಿನ ಆವೃತ್ತಿಗೆ ಹೊಂದುವಂತೆ ಕಟ್ಟಿದ್ದ ಬೇರೆ ಹಲವು ಲೈಬ್ರರಿಗಳು ಅದರೊಡನೆ ಕೆಲಸ ಮಾಡದಾದವು. ಹಳೆಯ ಬೋಲ್ಟಿಗೆ ಹೊಸ ಅಳತೆಯ ನಟ್ಟು ಕೂರದ ಹಾಗೆ.

ಕೆಲವೊಮ್ಮೆ ದೋಷದ ಸಂದೇಶವೇ ಕಾರಣವನ್ನೂ ತಿಳಿಸುತ್ತದೆ. ಮನೆಗಳ ಬೆಲೆ ಊಹಿಸುವ ಪಾಠಕ್ಕೆ ವರ್ಷಗಟ್ಟಲೆ ಬಳಕೆಯಲ್ಲಿದ್ದ ಅಮೆರಿಕದ ಬೋಸ್ಟನ್ ನಗರದ ದತ್ತಾಂಶವನ್ನು ಸೈಕಿಟ್-ಲರ್ನ್ ಲೈಬ್ರರಿ ತನ್ನ 1.2ನೆಯ ಆವೃತ್ತಿಯಲ್ಲಿ, 2022ರ ಡಿಸೆಂಬರ್‌ನಲ್ಲಿ, ತೆಗೆದುಹಾಕಿತು. ಅದರಲ್ಲಿ ಜನರ ಬಣ್ಣವನ್ನು ಮನೆಯ ಬೆಲೆಗೆ ತಳುಕು ಹಾಕುವ ಒಂದು ಅಂಕಣವಿತ್ತು. ಈಗ ಅದನ್ನು ಕರೆಸಿಕೊಳ್ಳಲು ಹೋದವರಿಗೆ ಇದು ನೈತಿಕವಾಗಿ ಸರಿಯಲ್ಲವೆಂಬ ವಿವರಣೆಯೂ, ಬದಲಿಗೆ ಬಳಸಬಹುದಾದ ದತ್ತಾಂಶಗಳ ಹೆಸರೂ ಪರದೆಯ ಮೇಲೆ ಬರುತ್ತವೆ. ಓದದೆ ಮುಚ್ಚಿದವನಿಗೆ ಅದು ಬರೀ ದೋಷ, ಓದಿದವನಿಗೆ ಪಾಠ.

ಪರಿಹಾರಕ್ಕೂ ಒಂದು ಕ್ರಮವಿದೆ. ಪ್ರೋಗ್ರಾಂ ಓಡಿಸುವ ಕಿಟಕಿಯನ್ನು ಮುಚ್ಚಿ ಮತ್ತೆ ತೆರೆಯಬೇಕು, ಹಳೆಯ ಆವೃತ್ತಿ ಇನ್ನೂ ನೆನಪಿನಲ್ಲಿ ಕುಳಿತಿರಬಹುದು. ‘ಪಿಪ್ ಶೋ’ ಎಂಬ ಆಜ್ಞೆಯಿಂದ ಈಗಿರುವ ಆವೃತ್ತಿಯ ಸಂಖ್ಯೆ ತಿಳಿಯುತ್ತದೆ. ‘ಪಿಪ್ ಚೆಕ್’ ಎಂಬುದು ಒಂದಕ್ಕೊಂದು ಹೊಂದದ ಲೈಬ್ರರಿಗಳನ್ನು ತೋರಿಸುತ್ತದೆ. ಆ ಬಳಿಕ ಲೈಬ್ರರಿ ಕಟ್ಟಿದವರು ಪ್ರಕಟಿಸುವ ಬದಲಾವಣೆಗಳ ಪಟ್ಟಿಯಲ್ಲಿ ಹಳೆಯ ಹೆಸರನ್ನು ಹುಡುಕಬೇಕು. ಹೊಸ ಹೆಸರು ಸಿಕ್ಕರೆ ಪ್ರೋಗ್ರಾಂ ತಿದ್ದಬಹುದು, ಆದರೆ ಬಂದ ಉತ್ತರ ಮೊದಲಿನಂತೆಯೇ ಇದೆಯೇ ಎಂದು ತಾಳೆ ನೋಡಲೇಬೇಕು. ಸಮಯವಿಲ್ಲದಿದ್ದರೆ ‘ವರ್ಚುವಲ್ ಎನ್ವಿರಾನ್ಮೆಂಟ್’ ಎಂಬ ಪ್ರತ್ಯೇಕ ಕೋಣೆ ಮಾಡಿ ಅದರೊಳಗೆ ಹಳೆಯ ಆವೃತ್ತಿಯನ್ನು ಹಾಕಿಕೊಳ್ಳಬಹುದು. ಅದು ಒಪ್ಪುವ ಪೈಥಾನ್ ಆವೃತ್ತಿಯೂ ಬೇಕಾಗುತ್ತದೆ ಎಂಬುದನ್ನು ಮರೆಯಬಾರದು.

ವಿಜ್ಞಾನದ ಪ್ರಯೋಗ ಬರೆಯುವಾಗ ಉಪಕರಣ, ಅಳತೆ, ತಾಪಮಾನಗಳನ್ನು ಗುರುತು ಹಾಕಿಕೊಳ್ಳುವುದು ರೂಢಿ. ಪ್ರೋಗ್ರಾಮಿನ ಜೊತೆಗೆ ಆವೃತ್ತಿ ಸಂಖ್ಯೆಗಳನ್ನು ಬರೆದಿಡುವುದೂ ಅಂಥದ್ದೇ ಶಿಸ್ತು. ‘ಪಿಪ್ ಫ್ರೀಜ್’ ಆಜ್ಞೆ ಆ ಪಟ್ಟಿಯನ್ನು ಕ್ಷಣದಲ್ಲಿ ಕೊಡುತ್ತದೆ. ಪ್ರಯೋಗ ಪರೀಕ್ಷೆಯ ಹಿಂದಿನ ದಿನ ಯಾವ ಲೈಬ್ರರಿಯನ್ನೂ ಹೊಸದಾಗಿಸದಿರುವುದು ಜಾಣತನ.

ಪಾಲಕರಿಗೆ ಪೈಥಾನ್ ತಿಳಿಯದಿದ್ದರೂ ಅವರಿಂದ ಆಗಬೇಕಾದ ಕೆಲಸವೊಂದಿದೆ. ಮಗಳು ಪರದೆಯ ಮುಂದೆ ಸಪ್ಪೆ ಮೋರೆ ಹಾಕಿ ಕುಳಿತಾಗ ‘ಕೊನೇ ಸಾಲಿನ್ಯಾಗ ಏನ್ ಬರದದವ್ವಾ?’ ಎಂದು ಕೇಳಿದರೆ ಸಾಕು. ಅದನ್ನು ಗಟ್ಟಿಯಾಗಿ ಓದಿ, ತನ್ನ ಮಾತಿನಲ್ಲಿ ಬಿಡಿಸಿ ಹೇಳಹೊರಟವಳಿಗೆ ಅರ್ಧ ದಾರಿ ತಾನೇ ತೆರೆದುಕೊಳ್ಳುತ್ತದೆ.