ಅನುಮೋದನೆಯೂ ಹಿಂಸೆಯೇ

ಪುಣೆಯ ಸಮೀಪದ ದೇಹೂ ರೋಡಿನಲ್ಲಿ ಒಂದು ಬುದ್ಧವಿಹಾರವಿದೆ. 1954ರ ಡಿಸೆಂಬರ್ 25ರಂದು ಡಾ. ಅಂಬೇಡ್ಕರರು ಅಲ್ಲಿ ಪ್ರತಿಷ್ಠಾಪಿಸಿದ ಮೂರ್ತಿ ಬರ್ಮಾದ ರಂಗೂನಿನಿಂದ ಬಂದದ್ದು. ಎಪ್ಪತ್ತು ವರ್ಷಗಳ ತರುವಾಯ, 2024ರಲ್ಲಿ, ಅದೇ ದೇಹೂ ರೋಡಿನಲ್ಲಿ ಪೊಲೀಸರು ಅದೇ ಬರ್ಮಾದಿಂದ ಬಂದಿದ್ದ ಕೆಲವು ರೋಹಿಂಗ್ಯಾಗಳನ್ನು ಬಂಧಿಸಿದರು. ಅನುಮತಿಯಿಲ್ಲದೆ ದೇಶವನ್ನು ಪ್ರವೇಶಿಸಿ ಆಧಾರ್ ಕಾರ್ಡು ಮಾಡಿಸಿಕೊಂಡರೆಂಬುದು ಆರೋಪ. ಸುಳ್ಳು ದಾಖಲೆ ಮಾಡಿಸಿದ್ದರೆ ಅದು ಅಪರಾಧವೇ. ಅದನ್ನು ವಿಚಾರಿಸಲು ನ್ಯಾಯಾಲಯವಿದೆ. ಆಕ್ಷೇಪವಿರುವುದು ಅದರ ಬಗ್ಗೆ ಅಲ್ಲ. ಇಂಥ ಸುದ್ದಿ ಬಂದಾಗಲೆಲ್ಲ ‘ಇವರನ್ನು ಸಮುದ್ರಕ್ಕೆ ತಳ್ಳಬೇಕು’, ‘ಅಲ್ಲಿಯ ಸೈನ್ಯ ಮಾಡಿದ್ದೇ ಸರಿ’ ಎಂಬ ಒಕ್ಕಣೆಗಳು ಜೈನ ಕುಟುಂಬಗಳ ವಾಟ್ಸಾಪ್ ಗುಂಪುಗಳಲ್ಲಿಯೂ ಹರಿದಾಡುತ್ತವೆ. ಬೆಳಿಗ್ಗೆ ಚತುರ್ದಶಿಯ ಉಪವಾಸದ ನೆನಪು, ಸಂಜೆ ಈ ಒಕ್ಕಣೆ. ರಾತ್ರಿಭೋಜನ ತ್ಯಜಿಸಿದವರೂ ಇದನ್ನು ತ್ಯಜಿಸಿಲ್ಲ.

ಅಲ್ಲಿಯ ಸೈನ್ಯ ಮಾಡಿದ್ದೇನು? 1982ರ ಪೌರತ್ವ ಕಾಯಿದೆಯ ಬಲದಿಂದ ರೋಹಿಂಗ್ಯಾಗಳನ್ನು ಹುಟ್ಟಿದ ನೆಲದಲ್ಲಿಯೇ ಪರದೇಶಿಗಳನ್ನಾಗಿ ಮಾಡಲಾಗಿತ್ತು. 2017ರ ಆಗಸ್ಟ್ 25ರಂದು ‘ಆರ್ಸಾ’ ಎಂಬ ಶಸ್ತ್ರಧಾರಿ ಗುಂಪು ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡಿದಾಗ, ಸೈನ್ಯವು ಅದನ್ನೇ ನೆಪವಾಗಿಸಿಕೊಂಡು ಊರೂರುಗಳನ್ನು ಸುಟ್ಟಿತು. ಏಳು ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಓಡಿದರು. ಸೆಪ್ಟೆಂಬರ್ 2ರಂದು ಇನ್‌ಡಿನ್ ಎಂಬ ಹಳ್ಳಿಯಲ್ಲಿ ಹತ್ತು ಗಂಡಸರ ಕೈ ಕಟ್ಟಿ, ಕೊಂದು, ಒಂದೇ ಗುಂಡಿಯಲ್ಲಿ ಹೂಳಲಾಯಿತು. ಕೊಂದವರಲ್ಲಿ ಸೈನಿಕರಷ್ಟೇ ಅಲ್ಲ, ನೆರೆಯ ಬೌದ್ಧ ಗ್ರಾಮಸ್ಥರೂ ಇದ್ದರು. ಇದನ್ನು ಬಯಲಿಗೆಳೆದ ರಾಯಿಟರ್ಸ್ ಸಂಸ್ಥೆಯ ಇಬ್ಬರು ವರದಿಗಾರರು ಹದಿನಾರು ತಿಂಗಳಿಗೂ ಮಿಕ್ಕಿ ಸೆರೆಮನೆಯಲ್ಲಿದ್ದರು. ಹತ್ತು ವರ್ಷಗಳ ಶಿಕ್ಷೆ ಪಡೆದ ಏಳು ಮಂದಿ ಸೈನಿಕರು ವರ್ಷ ತುಂಬುವ ಮೊದಲೇ ಮನೆಗೆ ಹೋದರು.

ಹಿಂಸೆ ನಡೆದದ್ದು ಶ್ರಮಣಧರ್ಮವೊಂದರ ನಾಡಿನಲ್ಲಿ, ಕಾಷಾಯ ತೊಟ್ಟ ವಿರತ್ತುವಿನಂಥ ಭಿಕ್ಷುಗಳ ದ್ವೇಷಭಾಷಣಗಳ ಬೆನ್ನಿಗೆ. ಕರುಣೆಯನ್ನು ಬೋಧಿಸಿದ ಮತವೆಂಬ ಹೆಸರು ಅಲ್ಲಿ ಯಾರನ್ನೂ ಉಳಿಸಲಿಲ್ಲ. ‘ಜೈನರು ಹುಟ್ಟಿನಿಂದಲೇ ಅಹಿಂಸಕರು’ ಎಂದು ಸಭೆಗಳಲ್ಲಿ ಹೇಳಿಕೊಳ್ಳುವವರು ಇದನ್ನು ತುಸು ಯೋಚಿಸಬೇಕು.

ಜಿನಾಗಮ ಹಿಂಸೆಯನ್ನು ಕೈಯಿಂದ ಮಾತ್ರ ಅಳೆಯುವುದಿಲ್ಲ. ಕೃತ, ಕಾರಿತ, ಅನುಮೋದಿತ ಎಂಬ ಮೂರನ್ನೂ ಮನ, ವಚನ, ಕಾಯಗಳಿಗೆ ಹೊಂದಿಸಿ ಪಾಪದ ಲೆಕ್ಕ ಹಾಕುತ್ತದೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದ ಈ ಗಣಿತಕ್ಕೆ ಸಂರಂಭ, ಸಮಾರಂಭ, ಆರಂಭಗಳನ್ನೂ ನಾಲ್ಕು ಕಷಾಯಗಳನ್ನೂ ಸೇರಿಸಿದರೆ 108 ಭೇದಗಳಾಗುತ್ತವೆ. ಜಪಮಾಲೆಯ ಮಣಿಗಳಿಗೆ ಹಿರಿಯರು ಕೊಡುವ ಅರ್ಥವೂ ಇದೇ. ಮಾಲೆಯನ್ನು ಎಣಿಸುವವರು ಅನುಮೋದನೆಯ ಮಣಿಗಳನ್ನು ಮಾತ್ರ ಹಾರಿಸಿಬಿಡುತ್ತಾರೆ.

ಲೋಕದ ಕಾನೂನು ಈ ದಾರಿಗೆ ಬಂದದ್ದು ತಡವಾಗಿ. 1948ರ ಜನಾಂಗಹತ್ಯಾ ಒಡಂಬಡಿಕೆಯ ಮೂರನೆಯ ವಿಧಿಯು ಕೊಂದವನೊಡನೆ ಸಂಚು ಹೂಡಿದವನನ್ನೂ, ಬಹಿರಂಗವಾಗಿ ಪ್ರಚೋದಿಸಿದವನನ್ನೂ, ಯತ್ನಿಸಿದವನನ್ನೂ, ಸಹಭಾಗಿಯಾದವನನ್ನೂ ಅಪರಾಧಿಯೆನ್ನುತ್ತದೆ. ರುವಾಂಡಾದಲ್ಲಿ ಬಾನುಲಿ ಮತ್ತು ಪತ್ರಿಕೆಗಳಿಂದ ದ್ವೇಷ ಬಿತ್ತಿದ ಮೂವರು ಇದೇ ತತ್ತ್ವದ ಮೇರೆಗೆ 2003ರಲ್ಲಿ ಶಿಕ್ಷೆಗೊಳಗಾದರು. ಮ್ಯಾನ್ಮಾರಿನಲ್ಲಿ ಆ ಬಾನುಲಿಯ ಸ್ಥಾನದಲ್ಲಿ ಫೇಸ್‌ಬುಕ್ ಇತ್ತು. ಹಿಂಸೆಯ ಪ್ರಚೋದನೆಗೆ ತನ್ನ ವೇದಿಕೆ ಬಳಕೆಯಾಗುವುದನ್ನು ತಡೆಯಲು ತಾನು ಸಾಕಷ್ಟು ಮಾಡಲಿಲ್ಲವೆಂದು ಆ ಸಂಸ್ಥೆಯೇ 2018ರಲ್ಲಿ ಒಪ್ಪಿಕೊಂಡಿತು. ಮನೆಯಲ್ಲಿ ಕುಳಿತು ತಲೆದೂಗಿದವನನ್ನು ಮಾತ್ರ ಯಾವ ನ್ಯಾಯಾಲಯವೂ ಕರೆಯುವುದಿಲ್ಲ. ಅವನನ್ನು ಕರೆಯುವುದು ಆಗಮ.

2019ರ ನವೆಂಬರಿನಲ್ಲಿ ಮ್ಯಾನ್ಮಾರನ್ನು ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಎಳೆದದ್ದು ಯಾವ ಮಹಾಶಕ್ತಿಯೂ ಅಲ್ಲ, ವಿಸ್ತೀರ್ಣದಲ್ಲಿ ಬೆಳಗಾವಿ ಜಿಲ್ಲೆಗಿಂತಲೂ ಕಿರಿದಾದ ಗಾಂಬಿಯಾ. ಅದರ ಕಾನೂನು ಮಂತ್ರಿ ತಂಬಾದು ಹಿಂದೆ ರುವಾಂಡಾದ ಮೊಕದ್ದಮೆಗಳಲ್ಲಿ ದುಡಿದವರು. ಬಾಂಗ್ಲಾದೇಶದ ಶಿಬಿರಗಳಲ್ಲಿ ಕೇಳಿದ ಕಥೆಗಳು ಅವರಿಗೆ ಅಪರಿಚಿತವಾಗಿರಲಿಲ್ಲ. ‘ನಿಮಗೂ ಇದಕ್ಕೂ ಏನು ಸಂಬಂಧ?’ ಎಂಬ ಮ್ಯಾನ್ಮಾರಿನ ಆಕ್ಷೇಪವನ್ನು ನ್ಯಾಯಾಲಯವು 2022ರ ಜುಲೈ 22ರಂದು ತಳ್ಳಿಹಾಕಿತು. ಒಡಂಬಡಿಕೆಗೆ ಸಹಿ ಹಾಕಿದ ಪ್ರತಿಯೊಂದು ರಾಷ್ಟ್ರಕ್ಕೂ ಸಂಬಂಧವುಂಟು ಎಂಬುದು ಅದರ ನಿರ್ಣಯ.

ಭಾರತವೂ 1959ರಲ್ಲಿಯೇ ಆ ಒಡಂಬಡಿಕೆಯನ್ನು ಅನುಮೋದಿಸಿದೆ. ಆದರೆ ಜನಾಂಗಹತ್ಯೆಯನ್ನು ಅಪರಾಧವೆಂದು ಹೆಸರಿಸುವ ಕಾಯಿದೆ ಇಂದಿಗೂ ಇಲ್ಲ. 1984ರ ಸಿಖ್ ಹತ್ಯೆಗಳ ಪ್ರಕರಣವೊಂದರಲ್ಲಿ ದೆಹಲಿ ಉಚ್ಚ ನ್ಯಾಯಾಲಯ 2018ರ ಡಿಸೆಂಬರಿನಲ್ಲಿ ಈ ಕೊರತೆಯನ್ನು ಎತ್ತಿ ಹೇಳಿತು. ನಿರಾಶ್ರಿತರ 1951ರ ಒಡಂಬಡಿಕೆಗಂತೂ ಭಾರತ ಸಹಿಯನ್ನೇ ಹಾಕಿಲ್ಲ. ಚಕ್ಮಾ ಜನರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಸಂವಿಧಾನದ 21ನೆಯ ವಿಧಿ ಪರದೇಶಿಯ ಪ್ರಾಣವನ್ನೂ ಕಾಯುತ್ತದೆ ಎಂದಿತ್ತು. ರೋಹಿಂಗ್ಯಾಗಳ ಪ್ರಕರಣದಲ್ಲಿ 2021ರ ಏಪ್ರಿಲ್ 8ರಂದು ಅದೇ ನ್ಯಾಯಾಲಯ, ವಿಧಿವತ್ತಾದ ಕ್ರಮ ಅನುಸರಿಸಿದರೆ ಗಡೀಪಾರು ಮಾಡಬಹುದೆಂದಿತು. ಯಾವ ಸೈನ್ಯ ಸುಟ್ಟಿತೋ ಅದರ ವಶಕ್ಕೇ ಮರಳಿಸುವುದಕ್ಕೆ ಯಾವ ಕ್ರಮ ವಿಧಿವತ್ತಾದೀತು? 2025ರ ಮೇ ತಿಂಗಳಲ್ಲಿ ಸುಮಾರು ನಲವತ್ತು ರೋಹಿಂಗ್ಯಾಗಳನ್ನು ಹಡಗಿನಲ್ಲಿ ಒಯ್ದು ಅಂಡಮಾನ್ ಸಮುದ್ರದಲ್ಲಿ ಇಳಿಸಲಾಯಿತೆಂಬ ದೂರು ಬಂದಾಗ ವಿಶ್ವಸಂಸ್ಥೆಯ ಮಾನವ ಹಕ್ಕು ತಜ್ಞರು ತನಿಖೆ ಆರಂಭಿಸಿದರು; ಸರ್ವೋಚ್ಚ ನ್ಯಾಯಾಲಯ ಆ ಕಥನದ ಬಗ್ಗೆ ಸಂಶಯ ವ್ಯಕ್ತಪಡಿಸಿತು. ದೂರು ನಿಜವೋ ಅಲ್ಲವೋ ತಿಳಿಯುವ ಮೊದಲೇ ಸಂಭ್ರಮಿಸಿದವರ ಪಾಪಕ್ಕೆ ತನಿಖೆ ಬೇಕಿಲ್ಲ.

‘ಅವರಲ್ಲಿ ಭಯೋತ್ಪಾದಕರಿಲ್ಲವೇ?’ ಎಂಬ ಪ್ರಶ್ನೆಯನ್ನು ತಳ್ಳಿಹಾಕಬೇಕಿಲ್ಲ. ಆರ್ಸಾ ಗುಂಪು ಖ ಮೌಂಗ್ ಸೇಕ್ ಎಂಬಲ್ಲಿ ಹಿಂದೂಗಳನ್ನು, ಮಕ್ಕಳನ್ನೂ ಬಿಡದೆ, ಕೊಂದಿತೆಂದು ಆಮ್ನೆಸ್ಟಿ ಸಂಸ್ಥೆ 2018ರಲ್ಲಿ ವರದಿ ಮಾಡಿದೆ. ಆ ಹಂತಕರಿಗೆ ಶಿಕ್ಷೆಯಾಗಬೇಕು. ಆದರೆ ಅಪರಾಧ ವ್ಯಕ್ತಿಯದು. ಕರ್ಮವನ್ನು ಮಾಡಿದವನೇ ಅನುಭವಿಸುತ್ತಾನೆಂದು ಮಕ್ಕಳಿಗೆ ಪಾಠಶಾಲೆಯಲ್ಲಿ ಕಲಿಸುವ ಸಮಾಜವು ಕುಲಕ್ಕೆ ಕುಲವೇ ದಂಡ ತೆರಬೇಕೆನ್ನುವುದು ಸಿದ್ಧಾಂತದ್ರೋಹ. ಪಿಂಜರಾಪೋಳಕ್ಕೆ ಕೈಬಿಚ್ಚಿ ಕೊಡುವ ಶ್ರಾವಕರಿಗೆ ಪಂಚೇಂದ್ರಿಯ ಜೀವಿಗಳ ಪಟ್ಟಿಯಲ್ಲಿ ಮನುಷ್ಯನೂ ಇರುವುದು ತಿಳಿಯದ ವಿಷಯವೇನಲ್ಲ.

ಇನ್ನು ‘ಅವರು ನಮ್ಮವರಲ್ಲ’ ಎಂಬ ಮಾತು. ಒಂದು ಕಾಲಕ್ಕೆ ಈ ಮಾತನ್ನು ಕೇಳಿಸಿಕೊಂಡವರು ಕನ್ನಡ ಜೈನರೇ. 1368ರಲ್ಲಿ ಆನೆಗೊಂದಿ, ಪೆನುಗೊಂಡೆ ಮೊದಲಾದ ಊರುಗಳ ಭವ್ಯರು, ತಮ್ಮ ಮೇಲೆ ಶ್ರೀವೈಷ್ಣವರಿಂದ ಅನ್ಯಾಯವಾಗುತ್ತಿದೆಯೆಂದು ವಿಜಯನಗರದ ಬುಕ್ಕರಾಯನಿಗೆ ಮೊರೆಯಿಟ್ಟರು. ರಾಯನು ಜೈನ ಮತದವನಲ್ಲ. ಸಂಖ್ಯೆಯೂ ಬಲವೂ ಎದುರು ಪಕ್ಷದ್ದು. ಆದರೂ ಅವನು ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟನು. ಜೈನದರ್ಶನಕ್ಕೆ ಭಕ್ತರಿಂದ ಹಾನಿಯಾದರೆ ಅದನ್ನು ತಮಗೇ ಆದ ಹಾನಿಯೆಂದು ತಿಳಿಯಬೇಕೆಂದು ವಿಧಿಸಿದನು. ಮನೆಗೊಂದು ಹಣದಂತೆ ಜೈನರಿಂದ ಎತ್ತಿ, ಬೆಳುಗೊಳದ ದೇವರಿಗೆ ಇಪ್ಪತ್ತು ಮಂದಿ ಅಂಗರಕ್ಷಕರನ್ನು ನಿಯಮಿಸುವ ಹೊಣೆ ಬಿದ್ದದ್ದು ತಿರುಮಲೆಯ ತಾತಯ್ಯನ ಮೇಲೆ. ಆ ಶಾಸನ ಶ್ರವಣಬೆಳಗೊಳದ ಭಂಡಾರಿ ಬಸದಿಯ ಬಳಿ ಇಂದಿಗೂ ಇದೆ. ಯಾತ್ರೆಗೆಂದು ಪುಣೆಯಿಂದಲೂ ಮುಂಬಯಿಯಿಂದಲೂ ಬರುವ ಕುಟುಂಬಗಳು, ಬೆಟ್ಟ ಹತ್ತುವ ಅವಸರದಲ್ಲಿ, ಅದನ್ನು ಓದದೆಯೇ ಮುಂದೆ ಹೋಗುತ್ತವೆ.