‘ಅಪಾಯ ಕಡಿಮೆ’ ಎಂದು ಬರೆಯುವ ಮುನ್ನ

ಕೊಲ್ಹಾಪುರ ಜಿಲ್ಲೆ, ಶಿರೋಳ ತಾಲ್ಲೂಕಿನ ಅಕಿವಾಟದಲ್ಲಿ ಎಷ್ಟೋ ಮನೆಗಳ ಮಾತು ಕನ್ನಡ, ಆಸ್ಪತ್ರೆಯ ಮಾತು ಮರಾಠಿ. ಜ್ವರ, ಹೊಟ್ಟೆನೋವನ್ನು ಎರಡರಲ್ಲೂ ಹೇಳಿಕೊಳ್ಳಬಹುದು. ಮನಸ್ಸಿನ ನೋವು ಹಾಗಲ್ಲ. ತೀವ್ರ ಖಿನ್ನತೆಯಲ್ಲಿರುವ ಹೆಣ್ಣುಮಗಳನ್ನು ‘ಆತ್ಮಹತ್ಯೇಚೇ ವಿಚಾರ ಯೇತಾತ ಕಾ?’ (ಆತ್ಮಹತ್ಯೆಯ ಯೋಚನೆ ಬರುತ್ತದೆಯೇ?) ಎಂದು ಕೇಳಿದರೆ ಆಕೆ ತಲೆ ತಗ್ಗಿಸಿ ‘ನಾಹೀ’ ಅಂದುಬಿಡಬಹುದು. ಅದೇ ಆಕೆ ಹಿಂದಿನ ರಾತ್ರಿ ಅಕ್ಕನ ಮುಂದೆ ‘ಯಕ್ಕಾ, ಜೀವಾ ಬ್ಯಾಸರ ಆಗೇತಿ’ ಅಂದಿರಬಹುದು. ಫಾರ್ಮಿನಲ್ಲಿ ಬೀಳುವುದು ಮಾತ್ರ ‘ಅಪಾಯ ಕಡಿಮೆ’ ಎಂಬ ಗುರುತು.

ಈ ಗುರುತೇ ಬೇಡ ಎನ್ನುತ್ತೇನೆ. ಪ್ರಶ್ನಾವಳಿ, ಅಂಕಗಳಿದ್ದರೆ ಗದ್ದಲದ ಓಪಿಡಿಯಲ್ಲಿ ಯಾರೂ ತಪ್ಪಿಹೋಗುವುದಿಲ್ಲ ಎಂಬುದು ಎದುರು ವಾದ. ಆದರೆ 1983ರಲ್ಲಿ ಅಮೆರಿಕದ ಮನೋವೈದ್ಯ ಪೊಕೋರ್ನಿ 4,800 ರೋಗಿಗಳ ಅಧ್ಯಯನ ಪ್ರಕಟಿಸಿದಾಗಲೇ ಈ ನಂಬಿಕೆ ಬಿದ್ದುಹೋಗಿದೆ. ಆತ್ಮಹತ್ಯೆಯಿಂದ ತೀರಿಕೊಂಡ 67 ಜನರಲ್ಲಿ ಅಂದಾಜು ಅರ್ಧದಷ್ಟು ಮಂದಿಯನ್ನು ಅಪಾಯದ ಲೆಕ್ಕಾಚಾರ ಗುರುತಿಸಲಿಲ್ಲ. ಅಪಾಯವಿದೆ ಎಂದು ಅದು ಗುರುತಿಸಿದವರಲ್ಲಿ ಬಹುಪಾಲು ಜನ ಆತ್ಮಹತ್ಯೆ ಮಾಡಿಕೊಳ್ಳಲೇ ಇಲ್ಲ. 2022ರಲ್ಲಿ ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆಯೂ ಅಂಕ ಹಾಕಿ ಭವಿಷ್ಯ ಹೇಳಬೇಡಿ, ಕಡಿಮೆ-ಮಧ್ಯಮ-ಹೆಚ್ಚು ಎಂದು ವಿಂಗಡಿಸಬೇಡಿ ಎಂದು ಮಾರ್ಗಸೂಚಿ ಹೊರಡಿಸಿತು.

ಹಾಗಾದರೆ ಕೇಳುವುದೇ ಬೇಡವೇ? ಕೇಳಲೇಬೇಕು, ನೇರವಾಗಿ, ಅವರ ಮಾತಿನಲ್ಲೇ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು ಭಯ. ‘ಬ್ಯಾಸರ ಅಂದ್ರ ಸಾಯಬೇಕು ಅನಸತೈತೇನು?’ ಎಂದು ಕೇಳಿ, ಉತ್ತರಕ್ಕೆ ಕಾಯುವ ವ್ಯವಧಾನ ಬೇಕು. ಇಚಲಕರಂಜಿ ಪೇಟೆಯಲ್ಲಿ ವ್ಯವಹಾರ ನಡೆಸುವ ಮರಾಠಿ, ಸಾವಿನ ಮಾತು ಹೇಳಿಕೊಳ್ಳಲು ಸಾಲದು. ಇದು ಗಡಿ ತಂಟೆಯಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ರೋಗಿಗೆ ತಿಳಿಯುವ ಭಾಷೆಯಲ್ಲಿ ಮಾಹಿತಿ ಸಿಗುವುದು ಹಕ್ಕು. ಮಾಹಿತಿ ಕೊಡುವಾಗ ಬೇಕಾದ ಭಾಷೆ, ನೋವು ಕೇಳುವಾಗ ಬೇಡವಾಗುವುದು ಹೇಗೆ?

ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರಗಳೇ ಹೆಚ್ಚು ನಾಜೂಕು. ಹಾಗಾಗಿ ಫಾರ್ಮಿನಲ್ಲಿ ‘ಅಪಾಯ’ದ ಕಾಲಂ ಅಳಿಸಿ, ಅಲ್ಲಿ ಮುಂದಿನ ಭೇಟಿಯ ದಿನ, ವಾರದೊಳಗೆ ಫೋನ್ ಮಾಡುವ ಸಿಬ್ಬಂದಿಯ ಹೆಸರು, ಹೊಲದ ಔಷಧಿಗೆ ಬೀಗ ಹಾಕುವ ಮನೆಯವರ ಹೆಸರು ಬರೆಯಿರಿ. ಬೈಪೋಲಾರ್ ರೋಗಿಗೆ ಲಿಥಿಯಂ ಕೊಟ್ಟಿದ್ದರೆ ರಕ್ತ ಪರೀಕ್ಷೆಯ ದಿನವನ್ನೂ ಬರೆಯಿರಿ. ಕನ್ನಡ ಬಲ್ಲ ಒಬ್ಬ ಆಶಾ ಕಾರ್ಯಕರ್ತೆಯನ್ನು ಪಕ್ಕದಲ್ಲಿ ಕೂರಿಸಿ. ಆದರೆ ರೋಗಿಯ ಒಪ್ಪಿಗೆ ಇರಲಿ, ಕೇಳಿದ ಮಾತು ಊರಿಗೆ ಹೋಗದಿರಲಿ.

ಈ ಸಾಲು ಓದುತ್ತಿರುವ ನಿಮಗೇ ಜೀವ ಬೇಸರವಾಗಿದ್ದರೆ, ಇಂದೇ ಹತ್ತಿರದವರೊಬ್ಬರಿಗೆ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು-ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬೇಕು ಎಂದು ಕೇಳಿ.